ಅಂತರ್ಜಾಲದ ಕಪಾಟು ಮತ್ತು ನಮ್ಮ ಸಾಹಿತ್ಯ

ಸಾಹಿತ್ಯದ ವಿದ್ಯಾರ್ಥಿಗೆ ಈಗ ಪುಸ್ತಕದ ಬರವಿಲ್ಲ, ಮೊಬೈಲಿನಲ್ಲಿ ಎಲ್ಲವೂ ಇದೆ ಎಂದು ಮೇಷ್ಟ್ರುಗಳೂ ಅಧಿಕಾರಿಗಳೂ ಭಾಷಣ ಮಾಡುತ್ತಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧವನ್ನು ಯಾರೂ ಹೇಳುತ್ತಿಲ್ಲ. 'ಎಲ್ಲವೂ' ಅಂದರೆ ಯಾವುದು? ಅದನ್ನು ಅಲ್ಲಿಗೆ ತಂದು ಇಟ್ಟವರು ಯಾರು? ಇಟ್ಟದ್ದು ಸರಿಯಾಗಿದೆಯೇ ಎಂದು ನೋಡಿದವರು ಯಾರು? ಈ ಮೂರು ಪ್ರಶ್ನೆ ಕೇಳದೆ ಅಂತರ್ಜಾಲದಿಂದ ಸಾಹಿತ್ಯ ಓದಲು ಹೊರಟರೆ, ಹಳೆಯ ಅಗ್ರಹಾರದ ಬಾಗಿಲ ಹೊರಗೆ ಉಳಿದಿದ್ದ ನಾವು ಹೊಸ ಅಗ್ರಹಾರದ ಜಗಲಿಯಲ್ಲಿ ಕೂತು, ಅವರು ಕೊಟ್ಟದ್ದನ್ನೇ ಪ್ರಸಾದ ಎಂದು ಕಣ್ಣಿಗೊತ್ತಿಕೊಳ್ಳಬೇಕಾಗುತ್ತದೆ.

ಬಂದ ಲಾಭವನ್ನು ಮೊದಲು ಒಪ್ಪಿಕೊಳ್ಳೋಣ. ತಾಲ್ಲೂಕು ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ಕಿಟೆಲ್ ನಿಘಂಟು ನೋಡಬೇಕೆಂದರೆ ಹಿಂದೆ ಮೈಸೂರಿಗೋ ಧಾರವಾಡಕ್ಕೋ ಬಸ್ಸು ಹತ್ತಬೇಕಿತ್ತು. ಹೋದ ಮೇಲೆ ಯಾವೂರು, ಯಾರ ಮಗಳು, ನಿನಗ್ಯಾಕೆ ಇದು ಎಂಬ ವಿಚಾರಣೆ ಬೇರೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಆ ನಿಘಂಟಿನ ಪುಟಗಳು ಈಗ ಇಂಟರ್ನೆಟ್ ಆರ್ಕೈವಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಶುರು ಮಾಡಿದ 'ಭಾರತವಾಣಿ'ಯಲ್ಲಿ ನಿಘಂಟುಗಳಿವೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ 'ಶೋಧಗಂಗಾ'ದಲ್ಲಿ ಕನ್ನಡದ ಪಿಎಚ್.ಡಿ. ಪ್ರಬಂಧಗಳಿವೆ. ಜಾತಿ ಕೇಳದೆ ಬಾಗಿಲು ತೆರೆಯುವ ಗ್ರಂಥಾಲಯ ನಮ್ಮ ಜನಕ್ಕೆ ಸಣ್ಣ ಸಂಗತಿಯಲ್ಲ. ಆದರೆ ಬಾಗಿಲು ತೆರೆಯಿತು ಅಂದ ಮಾತ್ರಕ್ಕೆ ಒಳಗಿನ ಕಪಾಟು ಬದಲಾಯಿತು ಅಂತ ತಿಳಿಯಬೇಡಿ.

1

ವಚನ ಸಾಹಿತ್ಯವನ್ನೇ ತೆಗೆದುಕೊಳ್ಳಿ. ಬೆಳಗಾದರೆ ವಾಟ್ಸಾಪಿನಲ್ಲಿ ಬಸವಣ್ಣನವರ ಚಿತ್ರ, ಅದರ ಕೆಳಗೊಂದು ನೀತಿಮಾತು, ಕೊನೆಯಲ್ಲಿ 'ಕೂಡಲಸಂಗಮದೇವ'. ಅಂಕಿತ ಇದೆಯಲ್ಲ, ವಚನವೇ ಇರಬೇಕು ಅಂತ ಮೇಷ್ಟ್ರು ಅದನ್ನು ಕರಿಹಲಗೆಯ ಮೇಲೆ ಬರೆಯುತ್ತಾರೆ. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಯಾವ ಸಂಪುಟ, ಎಷ್ಟನೆಯ ವಚನ ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ.

ಅಂಕಿತ ಎಂದರೆ ವಚನಕಾರನ ಸಹಿ. ಸಹಿಯನ್ನು ನಕಲು ಮಾಡಬಹುದು, ಬದಲಿಸಲೂಬಹುದು. ಮಾತೆ ಮಹಾದೇವಿಯವರು ತಮ್ಮ 'ವಚನ ದೀಪ್ತಿ'ಯಲ್ಲಿ ಬಸವಣ್ಣನವರ ಅಂಕಿತವನ್ನು 'ಲಿಂಗದೇವ' ಎಂದು ಮಾಡಿದರು. 1998ರಲ್ಲಿ ಕರ್ನಾಟಕ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕ ನಿಷೇಧಿಸುವುದು ಸರಿಯೇ ಎಂಬುದು ಬೇರೆ ಚರ್ಚೆ. ಇವತ್ತು ಅವರ ಮೇಲೆ ಎತ್ತಿದ ಕತ್ತಿ ನಾಳೆ ನಮ್ಮ ಕುತ್ತಿಗೆಗೂ ಬರುತ್ತದೆ ಎಂಬ ಎಚ್ಚರ ಬಂಡಾಯದವರಿಗೆ ಇರಲೇಬೇಕು. ಇಲ್ಲಿ ನಾವು ಗಮನಿಸಬೇಕಾದ್ದು ಬೇರೆಯದು. ಆ ಪುಸ್ತಕಕ್ಕೆ ಹೆಸರಿತ್ತು, ವರ್ಷವಿತ್ತು, ಸಂಪಾದಿಸಿದವರು ಎದುರಿಗಿದ್ದರು. ಹಾಗಾಗಿ ಬದಲಾವಣೆ ಗೊತ್ತಾಯಿತು, ಜಗಳವೂ ಆಯಿತು. ವಾಟ್ಸಾಪಿನ ವಚನಕ್ಕೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಯಾರ ಜೊತೆ ಜಗಳ ಆಡುವುದು?

ಈ ತಪ್ಪಿನ ಪೆಟ್ಟು ಎಲ್ಲರಿಗೂ ಒಂದೇ ಸಮನಾಗಿ ಬೀಳುವುದಿಲ್ಲ. ಬಸವಣ್ಣನವರ ಸಾವಿರಕ್ಕೂ ಮೀರಿದ ವಚನಗಳಲ್ಲಿ ಒಂದು ಕೆಟ್ಟರೆ ಉಳಿದವು ಸಾಕ್ಷಿಗೆ ನಿಲ್ಲುತ್ತವೆ. ಮಾದಾರ ಚೆನ್ನಯ್ಯನಿಂದ ನಮಗೆ ಉಳಿದಿರುವುದು 10 ವಚನ. ಡೋಹರ ಕಕ್ಕಯ್ಯನಿಂದ 6. ಸೂಳೆ ಸಂಕವ್ವೆಯಿಂದ ಒಂದೇ ಒಂದು. ಆ ಒಂದರಲ್ಲಿ ಒಂದು ಪದ ಹೋದರೂ ಅವಳ ಪರವಾಗಿ ಮಾತಾಡಲು ಬೇರೆ ವಚನ ಇಲ್ಲ. ಚೆನ್ನಯ್ಯನ ಅಂಕಿತವನ್ನು ಒಮ್ಮೆ ನೋಡಿ. ಕೈಯುಳಿ, ಕತ್ತಿ ಎಂದು ಚರ್ಮದ ಕೆಲಸದ ಸಲಕರಣೆಗಳನ್ನೇ ಅವನು ಅಂಕಿತದೊಳಗೆ ಕಟ್ಟಿದ್ದಾನೆ. ಅವು ಮುಗಿದ ಮೇಲೆ ರಾಮನ ಹೆಸರು ಬರುತ್ತದೆ. ಉದ್ದವಾಯಿತು ಅಂತ ಯಾರೋ ಟೈಪು ಮಾಡುವಾಗ ಮುಂದಿನ ಭಾಗ ಕತ್ತರಿಸಿ ರಾಮನನ್ನು ಮಾತ್ರ ಉಳಿಸಿದರೆ ಏನಾಗುತ್ತದೆ? ಚಮ್ಮಾರನ ಉಳಿ ಹೋಗುತ್ತದೆ, ಭಜನೆ ಉಳಿಯುತ್ತದೆ. ಇಂಥ ಕಡೆ ಪಠ್ಯಶುದ್ಧಿ ಎಂಬುದು ಪಂಡಿತರ ಮಡಿಮೈಲಿಗೆಯ ವಿಚಾರ ಅಂದುಕೊಂಡು ನಾವು ಸುಮ್ಮನಿರುವಂತಿಲ್ಲ. ಅದು ನಮ್ಮ ದುಡಿಮೆಯ ಗುರುತು ಉಳಿಯುವುದೋ ಅಳಿಯುವುದೋ ಎಂಬ ಪ್ರಶ್ನೆ.

ಜೇಡರ ದಾಸಿಮಯ್ಯನ ವಿಚಾರವೂ ಹೀಗೆಯೇ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಇಬ್ಬರೂ ಒಬ್ಬರೇನಾ, ಬೇರೆ ಬೇರೆಯಾ ಎಂದು ವಿದ್ವಾಂಸರು ವಾದ ಮಾಡಿದ್ದಾರೆ. ಹತ್ತು ತಾಣ ತೆರೆದು ನೋಡಿದರೆ ಈ ವಾದ ನಡೆದಿದೆ ಎಂಬ ಸುಳಿವನ್ನೇ ಕೊಡದೆ ಎರಡೂ ಹೆಸರನ್ನು ಮನಸ್ಸಿಗೆ ಬಂದಂತೆ ಬಳಸಿರುವುದು ಕಾಣುತ್ತದೆ. ವಾದವನ್ನು ಮುಚ್ಚಿ ತೀರ್ಮಾನವನ್ನು ಮಾತ್ರ ಕೊಡುವ ಆಕರ ಎಷ್ಟೇ ಚೆನ್ನಾಗಿ ಅಲಂಕಾರ ಮಾಡಿಕೊಂಡಿರಲಿ, ಓದುವವನಿಗೆ ಅದರಿಂದ ಕೆಡುಕೇ ಹೆಚ್ಚು.

ಹಾಗಾದರೆ ಯಾವುದನ್ನು ನೆಚ್ಚಬೇಕು? ವಚನಗಳ ಮಟ್ಟಿಗೆ ದಾರಿ ಸ್ಪಷ್ಟವಾಗಿದೆ. ವಿಜಯಪುರದ ಫ.ಗು. ಹಳಕಟ್ಟಿಯವರು (1880–1964) ತಾಳೆಗರಿಗಳನ್ನು ಹುಡುಕಿ ಕೂಡಿಸಿ 1923ರಲ್ಲಿ 'ವಚನ ಶಾಸ್ತ್ರ ಸಾರ' ತಂದರು. ಅಲ್ಲಿಂದ ಶುರುವಾದ ಸಂಪಾದನೆಯ ಕೆಲಸ 1993ರಲ್ಲಿ ಕರ್ನಾಟಕ ಸರ್ಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದವರೆಗೆ ಬಂತು. ಅದರ ಪ್ರಧಾನ ಸಂಪಾದಕರು ಎಂ.ಎಂ. ಕಲಬುರ್ಗಿ. ಆಕರಗಳನ್ನು ಮುಂದಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ, ಕಂಡದ್ದನ್ನು ಹೇಳುತ್ತಿದ್ದ ಆ ವಿದ್ವಾಂಸರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಈ ಸಂಪುಟಗಳ ದಾರಿಯಲ್ಲೇ ಬಂದದ್ದು ಅಂತರ್ಜಾಲದ 'ವಚನ ಸಂಚಯ'. 20,000ಕ್ಕೂ ಹೆಚ್ಚು ವಚನಗಳನ್ನು ಅಲ್ಲಿ ಪದ ಹಾಕಿ ಹುಡುಕಬಹುದು. ಯಾವ ಪದ ಯಾವ ವಚನಕಾರರಲ್ಲಿ ಬಂದಿದೆ ಎಂದು ನೋಡಬಹುದು. ವಾಟ್ಸಾಪಿನ ವಚನ ಕೈಗೆ ಬಂದರೆ ಅದರಲ್ಲಿರುವ ಅಪರೂಪದ ಎರಡು ಪದ ತೆಗೆದು ಅಲ್ಲಿ ಹುಡುಕಿ. ಸಿಗದಿದ್ದರೆ ಕಾಗುಣಿತ ಬದಲಿಸಿ ಮತ್ತೆ ಹುಡುಕಿ. ಆಗಲೂ ಸಿಗದಿದ್ದರೆ ಸಂಪುಟದಲ್ಲಿ ಕಣ್ಣಾರೆ ನೋಡುವವರೆಗೆ ಅದನ್ನು ಬಸವಣ್ಣನವರ ಬಾಯಿಗೆ ಹಾಕಬೇಡಿ. ಐದು ನಿಮಿಷದ ಕೆಲಸ. ಇದನ್ನು ಎಂಟನೇ ಕ್ಲಾಸಿನ ಹುಡುಗರೂ ಮಾಡಬಲ್ಲರು.

2

ವಚನಗಳಿಗೆ ಇದ್ದ ಈ ಅನುಕೂಲ ಇವತ್ತಿನ ನಮ್ಮ ಸಾಹಿತ್ಯಕ್ಕೆ ಇಲ್ಲ. ಅದಕ್ಕೆ ಮೊದಲ ಕಾರಣ ಕಾನೂನು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರು ಬದುಕಿರುವಷ್ಟು ದಿನ, ತೀರಿಕೊಂಡ ಮೇಲೆ 60 ವರ್ಷ, ಹಕ್ಕು ಅವರದು ಮತ್ತು ಅವರ ವಾರಸುದಾರರದು. ಆಮೇಲೆ ಕೃತಿ ಎಲ್ಲರ ಸ್ವತ್ತು. 1964ರಲ್ಲಿ ತೀರಿಕೊಂಡ ಹಳಕಟ್ಟಿಯವರ ಬರಹ 2025ರ ಜನವರಿಯಿಂದ ಎಲ್ಲರದಾಯಿತು. 1998ರಲ್ಲಿ ತೀರಿಕೊಂಡ ಡಿ.ಆರ್. ನಾಗರಾಜರ ಬರಹ ಎಲ್ಲರದಾಗುವುದು 2059ರಲ್ಲಿ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಅಚ್ಚಾದದ್ದು 1975ರಲ್ಲಿ. 2021ರಲ್ಲಿ ಕೊರೊನಾ ಅವರನ್ನು ಕಿತ್ತುಕೊಂಡಿತು. ಆ ಹಾಡು ಕಾನೂನಿನ ಪ್ರಕಾರ ಎಲ್ಲರ ಸ್ವತ್ತಾಗುವುದು 2082ರಲ್ಲಿ.

ಈ ಕಾನೂನನ್ನು ಸುಡಬೇಕು ಎಂದು ನಾವು ಹೇಳುತ್ತಿಲ್ಲ. ಕೂಲಿ ಮಾಡಿದವನಿಗೆ ಕೂಲಿ ಬರಬೇಕು. ಬರೆದವನಿಗೂ ಅವನ ಮನೆಯವರಿಗೂ ಅವರ ಪಾಲು ಬರಬೇಕು. ಆದರೆ ಫಲ ಏನಾಗಿದೆ ನೋಡಿ. ನಮ್ಮ ಕೇರಿಗಳಿಂದ ಬರೆಯುವವರು ಗುಂಪಾಗಿ ಅಚ್ಚಿನ ಮನೆಗೆ ಬಂದದ್ದೇ 1970ರ ದಶಕದಲ್ಲಿ. ದೇವನೂರರ 'ದ್ಯಾವನೂರು' ಬಂದದ್ದು 1973ರಲ್ಲಿ, ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ. ಬಿಟ್ಟಿಯಾಗಿ, ನ್ಯಾಯವಾಗಿ ನೆಟ್ಟಿನಲ್ಲಿ ಸಿಗುವುದು ಇವರಿಗಿಂತ ಹಿಂದಿನವರದು. ಆರ್. ನರಸಿಂಹಾಚಾರ್ಯರ 'ಕರ್ನಾಟಕ ಕವಿಚರಿತೆ'ಯ ಮೊದಲ ಸಂಪುಟ ಬಂದದ್ದು 1907ರಲ್ಲಿ. ದೊಡ್ಡ ಕೆಲಸ ಅದು, ಅಲ್ಲಗಳೆಯುವುದಿಲ್ಲ. ಆದರೆ ಅದು ಓಲೆಯಲ್ಲಿ ಬರೆದಿಟ್ಟ ಕವಿಗಳ ಚರಿತ್ರೆ. ಓಲೆ ಮುಟ್ಟಲು ಬಿಡದ ಜನರ ಹಾಡು ಅದರೊಳಗೆ ಎಲ್ಲಿಂದ ಬರಬೇಕು? ಬಡ ವಿದ್ಯಾರ್ಥಿಯ ಕೈಗೆ ಬಿಟ್ಟಿಯಾಗಿ ಸಿಗುವ ಕನ್ನಡ ಸಾಹಿತ್ಯ ಚರಿತ್ರೆ ನೂರು ವರ್ಷ ಹಿಂದಿನದು. ಅದಕ್ಕೆ ನಮ್ಮವರು ಎತ್ತಿದ ತಕರಾರು ದುಡ್ಡು ಕೊಟ್ಟವರಿಗೆ ಮಾತ್ರ ಸಿಗುವುದು. ದುಡ್ಡಿದ್ದವನು 1990ರ ವಿಮರ್ಶೆ ಓದುತ್ತಾನೆ, ಇಲ್ಲದವನು 1907ರ ಕಣ್ಣಿನಿಂದ ತನ್ನನ್ನೇ ನೋಡಿಕೊಳ್ಳುತ್ತಾನೆ.

ಇದಕ್ಕೆ ಕೆಲವು ಗೆಳೆಯರು ಕಂಡುಕೊಂಡ ಉಪಾಯ ಟೆಲಿಗ್ರಾಮಿನಲ್ಲಿ ಕದ್ದ ಪಿಡಿಎಫ್ ಹಂಚುವುದು. ಹಸಿದವನ ಕಳ್ಳತನವನ್ನು ನಾವು ದೊಡ್ಡ ಪಾಪ ಅನ್ನುವುದಿಲ್ಲ. ಆದರೆ ನಮ್ಮ ಪುಸ್ತಕ ಅಚ್ಚು ಹಾಕುವವರು ಸಾಲ ಮಾಡಿ ಪ್ರಕಾಶನ ನಡೆಸುವ ಸಣ್ಣ ಜನ ಎಂಬುದನ್ನು ಮರೆಯಬಾರದು. ಅವರ ಹೊಟ್ಟೆ ಮೇಲೆ ಹೊಡೆದು ದಲಿತ ಸಾಹಿತ್ಯ ಬೆಳೆಸಲಾಗದು. ಕದ್ದ ಪಿಡಿಎಫ್ಫಿನಲ್ಲಿ ಓದಿನ ತೊಂದರೆಯೂ ಇದೆ. ಮುಖಪುಟ ಇಲ್ಲ, ಎಷ್ಟನೆಯ ಮುದ್ರಣ ಗೊತ್ತಿಲ್ಲ, ನಡುವೆ ಎರಡು ಪುಟ ಹಾರಿಹೋಗಿರುತ್ತದೆ. ಅದನ್ನು ಆಕರ ಎಂದು ಪ್ರಬಂಧದಲ್ಲಿ ಹೇಗೆ ಬರೆಯುತ್ತೀರಿ? ಸ್ವಂತ ಅಧ್ಯಯನಕ್ಕೆ, ವಿಮರ್ಶೆಗೆ ಕೃತಿಯ ಭಾಗಗಳನ್ನು ನ್ಯಾಯವಾಗಿ ಬಳಸಲು ಅದೇ ಕಾಯಿದೆಯ 52ನೇ ಕಲಮು ಅವಕಾಶ ಕೊಟ್ಟಿದೆ. ಮೇಷ್ಟ್ರುಗಳು ಅದನ್ನು ತಿಳಿದುಕೊಂಡರೆ ಒಂದು ಅಧ್ಯಾಯಕ್ಕಾಗಿ ಕಳ್ಳರ ಹಾಗೆ ತಲೆ ತಗ್ಗಿಸುವ ಪ್ರಮೇಯ ಬರುವುದಿಲ್ಲ.

ಲೇಖಕರೇ ಬಾಗಿಲು ತೆರೆಯುವ ದಾರಿಯೂ ಇದೆ. 2022ರಲ್ಲಿ ದೇವನೂರ ಮಹಾದೇವ ಅವರ 'ಆರ್‌ಎಸ್‌ಎಸ್ ಆಳ ಮತ್ತು ಅಗಲ' ಬಂದಾಗ ಅದನ್ನು ಒಬ್ಬ ಪ್ರಕಾಶಕರ ಕೈಗೆ ಕಟ್ಟಿಹಾಕಲಿಲ್ಲ. ಹಲವು ಪ್ರಕಾಶನಗಳು ಏಕಕಾಲಕ್ಕೆ ಅಚ್ಚು ಹಾಕಿದವು. ಪುಸ್ತಕ ಹಳ್ಳಿ ಹಳ್ಳಿಗೆ ಹೋಯಿತು. ಎಲ್ಲ ಪುಸ್ತಕಕ್ಕೂ ಇದು ಆಗದ ಮಾತು. ಆದರೆ ಮರುಮುದ್ರಣವನ್ನೇ ಕಾಣದ ನಮ್ಮ ಹಿರಿಯರ ಕವನ ಸಂಕಲನಗಳಿಗೆ ಆಗಬಹುದಲ್ಲ?

3

ಎರಡನೆಯ ಕಾರಣ ಸ್ಕ್ಯಾನಿಂಗಿನದು. ಗ್ರಂಥಾಲಯ ಏನನ್ನು ಇಟ್ಟುಕೊಂಡಿತ್ತೋ ಅದೇ ತಾನೇ ಸ್ಕ್ಯಾನ್ ಆಗುವುದು? ರಟ್ಟು ಹಾಕಿ ಜೋಪಾನ ಮಾಡಿದ ಪತ್ರಿಕೆ ಉಳಿಯಿತು. 1970–80ರ ದಶಕದಲ್ಲಿ ಅಗ್ಗದ ಕಾಗದದ ಮೇಲೆ ಅಚ್ಚಾಗಿ ಹೋರಾಟದ ಸಭೆಗಳಲ್ಲಿ ಕೈಯಿಂದ ಕೈಗೆ ಹೋದ 'ಪಂಚಮ'ದಂಥ ಪತ್ರಿಕೆಗಳು, ಸೈಕ್ಲೋಸ್ಟೈಲ್ ಮಾಡಿದ ಕರಪತ್ರಗಳು, ಜಾಥಾದ ಹಾಡಿನ ಪುಸ್ತಕಗಳು ಯಾವ ಗ್ರಂಥಾಲಯದ ರಟ್ಟನ್ನೂ ಕಾಣದೆ ಗೆದ್ದಲಿಗೆ ಹೋದವು. ಮೊದಲು ಕಪಾಟಿಗೆ ಬರಲಿಲ್ಲ, ಆದ್ದರಿಂದ ಈಗ ಕಂಪ್ಯೂಟರಿಗೂ ಬರಲಿಲ್ಲ. ಸಾಹಿತ್ಯ ಚರಿತ್ರೆ ಬರೆಯುವ ಸಂಶೋಧಕ ನೆಟ್ಟಿನಲ್ಲಿ ಹುಡುಕಿ 'ಆಧಾರ ದೊರೆಯುವುದಿಲ್ಲ' ಎಂದು ಒಂದು ಸಾಲು ಬರೆದರೆ ಮುಗಿಯಿತು, ನಾವು ಇರಲೇ ಇಲ್ಲ ಅಂತಾಗುತ್ತದೆ.

'ಸಿಗಲಿಲ್ಲ' ಎಂಬುದಕ್ಕೆ ಯಂತ್ರದ ಕಾರಣಗಳೂ ಇವೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಫಾಂಟುಗಳಲ್ಲಿ ಮಾಡಿದ ಕನ್ನಡ ಕಡತಗಳನ್ನು ಗೂಗಲ್ಲು ಕನ್ನಡ ಎಂದು ಗುರುತಿಸುವುದೇ ಇಲ್ಲ. ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ಓದುವಾಗ 'ಷ'ವನ್ನು 'ಪ' ಮಾಡುತ್ತದೆ, 'ಘ'ವನ್ನು 'ಫ' ಮಾಡುತ್ತದೆ, ಅರ್ಕಾವತ್ತನ್ನು ೯ ಎಂಬ ಅಂಕಿ ಮಾಡುತ್ತದೆ. 'ಶೋಧಗಂಗಾ'ದ ಹಲವು ಕನ್ನಡ ಪ್ರಬಂಧಗಳ ಶೀರ್ಷಿಕೆ ರೋಮನ್ ಲಿಪಿಯಲ್ಲಿದೆ. ಕನ್ನಡದಲ್ಲಿ ಹುಡುಕಿದರೆ ಸಿಗದ್ದು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಸಿಗುತ್ತದೆ. ಆದ್ದರಿಂದ ಮೊದಲ ಸಲ ಹುಡುಕಿ ಸಿಗಲಿಲ್ಲ ಅಂತ ಕೈಬಿಡಬೇಡಿ.

4

ಇನ್ನು ಪರೀಕ್ಷೆಯ ನೋಟ್ಸ್ ತಾಣಗಳು. ನಮ್ಮ ಹುಡುಗರು ಹೆಚ್ಚಾಗಿ ಓದುವುದು ಇವನ್ನೇ. 'ದಲಿತ-ಬಂಡಾಯ' ಎಂದು ನಡುವೆ ಒಂದು ಗೀಟು ಹಾಕಿ, ಕೆಳಗೆ ಹತ್ತು ಹೆಸರು ಬರೆದು, ನಾಲ್ಕು ಅಂಕದ ಉತ್ತರ ಮಾಡಿಟ್ಟಿರುತ್ತಾರೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ನಮ್ಮ ಹಾಸ್ಟೆಲ್ ಹುಡುಗರು ಏಟು ತಿಂದದ್ದು ಅಲ್ಲಿ ಇರುವುದಿಲ್ಲ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದರೆ ಕೊಡಲಿಲ್ಲ, ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು ಎಂಬ ಕಾರ್ಯಕಾರಣ ಇರುವುದಿಲ್ಲ. ಜಗಳವನ್ನು ತೆಗೆದುಹಾಕಿ ಪಟ್ಟಿಯನ್ನು ಉಳಿಸಿದರೆ ಚಳವಳಿ ಸತ್ತಂತೆಯೇ. ಇದಕ್ಕೆ ಮದ್ದು ಭಾಗವಹಿಸಿದವರ ಬರಹವನ್ನೇ ಓದುವುದು. ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಹತ್ತು ಪುಟ ನೂರು ನೋಟ್ಸಿಗಿಂತ ಹೆಚ್ಚು ಹೇಳುತ್ತದೆ.

ಹಾಗಂತ ನಮ್ಮವರು ಬರೆದದ್ದಕ್ಕೆ ಪರೀಕ್ಷೆಯಿಂದ ವಿನಾಯಿತಿ ಇಲ್ಲ. ದಲಿತ ಸಂಘರ್ಷ ಸಮಿತಿ ಹುಟ್ಟಿದ ವರ್ಷ 1974 ಎಂದು ಕೆಲವರು ಬರೆದಿದ್ದಾರೆ, ಅದಾಗಿ ಎರಡು ಮೂರು ವರ್ಷದ ಮೇಲೆ ಎಂದು ಕೆಲವರು. ಮೊದಲ ಸಭೆಯನ್ನು ಹುಟ್ಟು ಎನ್ನುವುದೋ, ರಾಜ್ಯಮಟ್ಟದ ಸಂಘಟನೆ ಆದದ್ದನ್ನು ಎನ್ನುವುದೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಇಂಥ ಕಡೆ ಯಾರು ಏನು ಹೇಳಿದ್ದಾರೆ ಎಂದು ಎರಡನ್ನೂ ಬರೆಯುವುದು ಪ್ರಾಮಾಣಿಕತೆ.

ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದನ್ನು ಬೈಯುವುದು ಮೇಷ್ಟ್ರುಗಳಿಗೆ ರೂಢಿಯಾಗಿದೆ. ನಮ್ಮ ಮಾತು ಬೇರೆ. ಅಲ್ಲಿ ಪುಟದ ಕೆಳಗೆ ಉಲ್ಲೇಖ ಇದೆಯೋ ಇಲ್ಲವೋ ಕಾಣುತ್ತದೆ. ಪುಟದ ಇತಿಹಾಸ ತೆರೆದರೆ ಯಾವ ಸಾಲನ್ನು ಎಂದು ಸೇರಿಸಿದರು, ಎಂದು ಅಳಿಸಿದರು ಎಂಬುದೂ ಕಾಣುತ್ತದೆ. ಇಷ್ಟು ಬಯಲಾಗಿ ಲೆಕ್ಕ ಕೊಡುವ ತಾಣ ಅಪರೂಪ. ಓದಿ, ಆದರೆ ಅಲ್ಲೇ ನಿಲ್ಲಬೇಡಿ. ಕೆಳಗಿನ ಉಲ್ಲೇಖ ಹಿಡಿದು ಮೂಲಕ್ಕೆ ಹೋಗಿ. ಉಲ್ಲೇಖ ಇಲ್ಲದ ಸಾಲನ್ನು ಊರಬಾಯಿ ಅಂತ ತಿಳಿಯಿರಿ.

ಈಗ ಬಂದಿರುವ ಕೃತಕ ಬುದ್ಧಿಮತ್ತೆಯ ಯಂತ್ರದ ಹತ್ತಿರ ಈ ಲೆಕ್ಕವನ್ನು ಕೇಳುವ ಹಾಗಿಲ್ಲ. ಕೇಳಿದ್ದಕ್ಕೆಲ್ಲ ಅದು ಉತ್ತರ ಕೊಡುತ್ತದೆ. ಇಲ್ಲದ ಪುಸ್ತಕಕ್ಕೆ ಹೆಸರಿಡುತ್ತದೆ, ಇಲ್ಲದ ಪುಟಕ್ಕೆ ಸಂಖ್ಯೆ ಹಾಕುತ್ತದೆ, ಬರೆಯದ ವಚನಕ್ಕೆ ಅಂಕಿತ ಕಟ್ಟಿ ಕೈಗಿಡುತ್ತದೆ. ಗೊತ್ತಿಲ್ಲ ಅನ್ನಲು ನಾಚದ ಹಳ್ಳಿಯ ಮುದುಕಿ ಈ ಯಂತ್ರಕ್ಕಿಂತ ಮೇಲು. ಯಾವ ಪುಸ್ತಕ ಹುಡುಕಬೇಕು ಎಂಬ ದಾರಿ ಕೇಳುವುದಕ್ಕೆ ಅದನ್ನು ಬಳಸಿ. ಅದು ಹೇಳಿದ್ದನ್ನೇ ಸಾಕ್ಷಿ ಎಂದು ಬರೆಯಬೇಡಿ.

5

ಅಚ್ಚಿಗೇ ಬಾರದ ನಮ್ಮ ಮಹಾಕಾವ್ಯಗಳ ವಿಚಾರ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ನೀಲಗಾರರು ಹಾಡುವ ಮಂಟೇಸ್ವಾಮಿ, ದೇವರಗುಡ್ಡರು ಹಾಡುವ ಮಾದೇಶ್ವರ ಇವತ್ತು ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಸಿಗುತ್ತವೆ. ಸಂತೋಷ. ಆದರೆ ಹಾಡಿದವರ ಹೆಸರು ಎಲ್ಲಿ? ಯಾವ ಊರಿನಲ್ಲಿ, ಯಾವ ವರ್ಷ ಹಾಡಿದ್ದು? ಯಾರದೋ ಕ್ಯಾಸೆಟ್ಟಿನ ದನಿ ತೆಗೆದು ಮೇಲೆ ದೇವರ ಪಟ ಅಂಟಿಸಿ ಹಾಕಿದ್ದಾರೆ. ಕಾಸು ತಾಣದವನಿಗೆ, ಹೆಸರು ದೇವರಿಗೆ, ಹಾಡಿದವನಿಗೆ ಏನೂ ಇಲ್ಲ. ಹಾಡುಗಾರರಿಂದ ಹಾಡುಗಾರರಿಗೆ ಸಾಲು ಬದಲಾಗುವ ಕಾವ್ಯ ಇದು. ಹಾಡಿದವರು ಯಾರೆಂದು ಗೊತ್ತಿಲ್ಲದ ಧ್ವನಿಮುದ್ರಿಕೆ, ಸಂಪಾದಕರಿಲ್ಲದ ಪುಸ್ತಕದ ಹಾಗೆಯೇ. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ, ಹಂಪಿ ಕನ್ನಡ ವಿಶ್ವವಿದ್ಯಾಲಯ ತಂದ ಮಂಟೇಸ್ವಾಮಿ ಕಾವ್ಯವನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿದರೆ ಈ ವ್ಯತ್ಯಾಸ ತಿಳಿಯುತ್ತದೆ. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಶರಣರನ್ನು ಒರೆಗೆ ಹಚ್ಚುವ ಸಾಲು ಅದರಲ್ಲಿದೆ. ವಚನಗಳನ್ನು ಮಾತ್ರ ಹುಡುಕಿ ಓದಿದವರಿಗೆ ಕಲ್ಯಾಣವನ್ನು ಕೆಳಗಿನಿಂದ ನೋಡಿದ ಈ ಕಣ್ಣು ಸಿಗುವುದೇ ಇಲ್ಲ.

6

ಗೆಳೆಯರೇ, ಶತಮಾನಗಳ ಕಾಲ ನಮಗೆ ಹೇಳಿದ್ದು ಒಂದೇ ಮಾತು: ನಂಬು, ಪ್ರಶ್ನೆ ಕೇಳಬೇಡ. ಗೂಗಲ್ಲಿನ ಮೊದಲ ಸಾಲಿಗೂ ಅದೇ ನಂಬಿಕೆ ಕೊಟ್ಟರೆ ನಾವು ಓದಿದ್ದು ದಂಡ. ಯಾವ ತಾಣ ತೆರೆದರೂ ಬರೆದವರು ಯಾರು, ಯಾವ ಮುದ್ರಣದಿಂದ ತೆಗೆದರು, ಬೇರೆ ಕಡೆ ಇದೇ ಮಾತು ಹೇಗಿದೆ, ಇದರಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ಕೇಳಿ. ಉತ್ತರ ಕೊಡುವ ತಾಣ ಹಳೆಯದೋ ಹೊಸದೋ, ಬಡದೋ ಶ್ರೀಮಂತವೋ, ನೆಚ್ಚಲು ಯೋಗ್ಯ. ಕೊಡದ್ದು ಎಷ್ಟೇ ದೊಡ್ಡ ಹೆಸರಿನದಾದರೂ ಅಲ್ಲ.

ಪರೀಕ್ಷಿಸುವುದರ ಜೊತೆಗೆ ತುಂಬಿಸುವ ಕೆಲಸವೂ ನಮ್ಮದೇ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇದ್ದರೆ ಮೇಷ್ಟ್ರುಗಳು ವಾರಕ್ಕೊಂದು ಸಂಜೆ ಹುಡುಗರನ್ನು ಕೂರಿಸಿಕೊಂಡು ಒಂದು ವಚನದ ಮೂಲ ಹುಡುಕಿಸಲಿ. ಊರಿನ ನೀಲಗಾರರ ಹಾಡನ್ನು ಅವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ತಾರೀಖು ಬರೆದು ಮೊಬೈಲಿನಲ್ಲೇ ದಾಖಲಿಸಲಿ. ಸಂಘಟನೆಗಳು ಹಳೆಯ ಪತ್ರಿಕೆಗಳ ಸಂಪಾದಕರನ್ನೂ ಅವರ ಮನೆಯವರನ್ನೂ ಕಂಡು ಬರಹದ ಒಪ್ಪಿಗೆ ತೆಗೆದುಕೊಳ್ಳಲಿ. ಬೆಂಗಳೂರಿನಲ್ಲಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವಿಗೆ ಹಾಕುವ 'ಸರ್ವೆಂಟ್ಸ್ ಆಫ್ ನಾಲೆಜ್'ನಂಥವರು ಇದ್ದಾರೆ. ನಾವು ಕಟ್ಟು ಹೊತ್ತುಕೊಂಡು ಹೋಗಿ ಕೇಳಬೇಕು, ಅಷ್ಟೆ.

ಚಳವಳಿಯ ಹಳೆಯ ಸಂಚಿಕೆಗಳು, ಕರಪತ್ರಗಳು, ಹಾಡಿನ ಪುಸ್ತಕಗಳು ನಿಮ್ಮ ಮನೆಯ ಅಟ್ಟದ ಮೇಲೆ, ಟ್ರಂಕಿನೊಳಗೆ, ತೀರಿಕೊಂಡ ಸಂಗಾತಿಯ ಮನೆಯಲ್ಲಿ ಇರಬಹುದು. ಬರುವ ಮಳೆಗಾಲಕ್ಕೆ ಮುಂಚೆ ಇಳಿಸಿ, ಧೂಳು ಕೊಡವಿ, ಯಾವ ಸಂಚಿಕೆ ಇದೆ ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಗೆದ್ದಲು ನಮಗಾಗಿ ಕಾಯುವುದಿಲ್ಲ.